ಎರಡು ವರ್ಷದ ವೀಸಾ, ಇಪ್ಪತ್ತು ವರ್ಷದ ದಾಳಿಂಬೆ



ಜೂನ್ ತಿಂಗಳು ಬಂತೆಂದರೆ ಒಂದೇ ಮಾದರಿಯ ಮೇಲ್‌ಗಳು ಬರತೊಡಗುತ್ತವೆ. "ನಾವು ಊರಿಗೆ ಮರಳುತ್ತಿದ್ದೇವೆ. ಸೋಫಾ, ಫ್ರಿಜ್, ವಾಷಿಂಗ್ ಮಷೀನ್, ಮಕ್ಕಳ ಸೈಕಲ್ ಮಾರಾಟಕ್ಕಿವೆ." ಪ್ರತಿಯೊಂದರ ಮುಂದೆಯೂ ದಿರ್ಹಮ್‌ಗಳಲ್ಲಿ ಬೆಲೆ. ಕಟ್ಟಕಡೆಯಲ್ಲಿ ಒಂದು ಸಾಲು: "ಗಿಡಗಳು ಉಚಿತ." ಆ ಕೊನೆಯ ಸಾಲಿನ ಬಗ್ಗೆಯೇ ಇವತ್ತು ನಾಲ್ಕು ಮಾತು ಬರೆಯೋಣ ಅನ್ನಿಸಿತು.

ನಮ್ಮಲ್ಲಿ ಬಹಳ ಜನ ಇಲ್ಲಿ ಗಿಡವನ್ನೇ ಬೆಳೆಸುವುದಿಲ್ಲ. ಕೇಳಿದರೆ ಸಿದ್ಧ ಉತ್ತರವಿದೆ: "ಎರಡು ವರ್ಷದ ವೀಸಾ, ಬಾಡಿಗೆ ಫ್ಲಾಟು, ನಾಳೆ ಎಲ್ಲಿರ್ತೀವೋ ಏನೋ, ಮರ ಯಾರಿಗೆ ಬೇಕು ಬಿಡಿ!" ಹೀಗೆ ಹೇಳಿದವರೇ ಅದೇ ವೀಸಾವನ್ನು ಹತ್ತು ಸಲ ನವೀಕರಿಸಿ, ಇಪ್ಪತ್ತು ವರ್ಷ ಇಲ್ಲೇ ಕಳೆದು, ಮಕ್ಕಳನ್ನು ಕಾಲೇಜಿಗೆ ಕಳಿಸಿ, ಆಗಲೂ "ಇನ್ನೆರಡು ವರ್ಷ ಅಷ್ಟೇ" ಅನ್ನುತ್ತಿರುತ್ತಾರೆ. ನನ್ನ ವಾದ ಇಷ್ಟೇ: ನಾಳೆಯ ಖಾತ್ರಿ ಇಲ್ಲದವರೇ ನಿಧಾನವಾಗಿ ಬೆಳೆಯುವ ಮರವೊಂದನ್ನು ಇಟ್ಟುಕೊಳ್ಳಬೇಕು, ಹೊರಡುವಾಗ ಅದನ್ನು ಇನ್ನೊಂದು ಮನೆಗೆ ಒಪ್ಪಿಸಿ ಹೋಗಬೇಕು. ಬರ್ ದುಬೈನಂಥ ಊರಿನ ಬಾಲ್ಕನಿಗೆ ಅಂಥ ಮರ ಯಾವುದು ಎಂದರೆ, ಕುಂಡದಲ್ಲಿ ಬೆಳೆಸಿದ ದಾಳಿಂಬೆ ಬೋನ್ಸಾಯ್.

ದಾಳಿಂಬೆಯೇ ಏಕೆ?

ಇಲ್ಲಿನ ಅಂಗಡಿಗಳಲ್ಲಿ "ಬೋನ್ಸಾಯ್" ಎಂದು ಹೆಚ್ಚಾಗಿ ಸಿಗುವುದು ಗೆಡ್ಡೆಯಂಥ ಬೇರಿನ ಫೈಕಸ್, ಇಲ್ಲವೇ ಜೂನಿಪರ್. ಜೂನಿಪರ್‌ಗೆ ಚಳಿಗಾಲದ ನಿಜವಾದ ಚಳಿ ಬೇಕು. ದುಬೈನಲ್ಲಿ ಜನವರಿ ರಾತ್ರಿಯೂ ಸಾಮಾನ್ಯವಾಗಿ 14-15 ಡಿಗ್ರಿಗಿಂತ ಹೆಚ್ಚು ಕೆಳಗಿಳಿಯುವುದಿಲ್ಲ. ದಾಳಿಂಬೆಯ ತವರು ಇರಾನಿನಿಂದ ಉತ್ತರ ಭಾರತದವರೆಗಿನ ಒಣ ಸೀಮೆ. ಬಿಸಿಲು, ಒಣಗಾಳಿ, ಸ್ವಲ್ಪಮಟ್ಟಿನ ಉಪ್ಪು ಇವನ್ನೆಲ್ಲ ತಡೆಯುವ ಗುಣ ಅದಕ್ಕೆ ಹುಟ್ಟಿನಿಂದಲೇ ಬಂದದ್ದು. ಬರ್ ದುಬೈನ ಅಲ್ ಫಹಿದಿ ಬಡಾವಣೆಯನ್ನು ನೋಡಿದ್ದೀರಲ್ಲ? ನೂರು ವರ್ಷಕ್ಕೂ ಹಿಂದೆ ಇರಾನಿನ ಬಸ್ತಕ್ ಕಡೆಯ ವ್ಯಾಪಾರಿಗಳು ಬಂದು ಕಟ್ಟಿಕೊಂಡ, ಗಾಳಿಗೋಪುರಗಳ ಹಳೆಯ ಮನೆಗಳು. ಅವರು 'ಅನಾರ್' ಎಂದ ಹಣ್ಣನ್ನೇ ಅರಬರು 'ರುಮ್ಮಾನ್' ಅನ್ನುತ್ತಾರೆ, ನಾವು ದಾಳಿಂಬೆ ಅನ್ನುತ್ತೇವೆ. ಕುರಾನಿನಲ್ಲೂ ಈ ಹಣ್ಣಿನ ಹೆಸರು ಮೂರು ಕಡೆ ಬರುತ್ತದೆ. ಲಿಫ್ಟಿನಲ್ಲಿ ಕುಂಡ ಹಿಡಿದು ನಿಂತರೆ ಮಾತಾಡದ ನೆರೆಯವರೂ ಮಾತಾಡಿಸುವ ಗಿಡ ಇದು!

ನಮ್ಮ ನಾಡಿಗೂ ಇದು ಹೊಸದಲ್ಲ. ವಿಜಯಪುರ, ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗದ ಬಯಲುಗಳಲ್ಲಿ, ತುಮಕೂರು ಜಿಲ್ಲೆಯ ಶಿರಾ-ಪಾವಗಡದ ಕಡೆ ಎಷ್ಟೋ ರೈತರ ಸಂಸಾರ ನಡೆಸಿದ ಬೆಳೆ. 2000ರ ದಶಕದಲ್ಲಿ ದುಂಡಾಣು ಅಂಗಮಾರಿ ರೋಗ ತೋಟಗಳಿಗೆ ನುಗ್ಗಿ ಎಷ್ಟೋ ಜನ ಗಿಡ ಕಿತ್ತು ಹಾಕಿದ್ದೂ ಉಂಟು. ಮಂಗಳೂರು, ಉಡುಪಿ, ಶಿರಸಿ ಕಡೆಯವರಿಗೆ ದಾಳಿಂಬೆ ಅಂದರೆ ಹಣ್ಣಿಗಿಂತ ಮೊದಲು ತಂಬುಳಿ ನೆನಪಾಗುತ್ತದೆ. ಹೊಟ್ಟೆ ಕೆಟ್ಟಾಗ ಅಜ್ಜಿ ಮಾಡುತ್ತಿದ್ದ ಸಿಪ್ಪೆಯ ತಂಬುಳಿ, ಚಿಗುರಿನ ತಂಬುಳಿ! ಬೋನ್ಸಾಯ್ ಮಾಡುವವರು ವರ್ಷಕ್ಕೆ ಹತ್ತು ಸಲವಾದರೂ ಚಿಗುರು ಕತ್ತರಿಸಬೇಕು. ಔಷಧಿ ಹೊಡೆಯದ ಗಿಡವಾದರೆ ಆ ಚಿಗುರು ಅಡುಗೆಮನೆಗೇ ಹೋಗಬಹುದು.

'ಬೋನ್ಸಾಯ್ ಮಕ್ಕಳು' ಎಂಬ ಮಾತು

ಇಲ್ಲೊಂದು ಆಕ್ಷೇಪಣೆಗೆ ಉತ್ತರ ಹೇಳಿಯೇ ಮುಂದೆ ಹೋಗಬೇಕು. "ಬೆಳೆಯೋ ಮರದ ಕೈಕಾಲು ಕಟ್ಟಿ, ಹಸಿವಿನಲ್ಲಿಟ್ಟು ಕುಳ್ಳ ಮಾಡೋದು ಹಿಂಸೆ ಅಲ್ವೇ?" ಎಂದು ಕೇಳುವವರಿದ್ದಾರೆ. ಅದೇ ಧಾಟಿಯಲ್ಲಿ, "ಹೊರದೇಶದಲ್ಲಿ ಬೆಳೆದ ಮಕ್ಕಳು ಬೋನ್ಸಾಯ್ ಮಕ್ಕಳು, ಬೇರು ಕತ್ತರಿಸಿದವರು" ಎಂದು ರಾಜ್ಯೋತ್ಸವದ ವೇದಿಕೆಯಿಂದ ಹೇಳಿದ ಭಾಷಣವನ್ನೂ ನಾನು ಕೇಳಿದ್ದೇನೆ. ಮುಂದಿನ ಸಾಲಿನಲ್ಲಿ ನಮ್ಮ ಮಕ್ಕಳೇ ಕೂತಿದ್ದರು. ಗಿಡದ ವಿಷಯವನ್ನೂ ಅರಿಯದ, ಮಕ್ಕಳ ವಿಷಯವನ್ನೂ ಅರಿಯದ ಮಾತು ಅದು.

ಬೋನ್ಸಾಯ್ ಹಸಿವಿನಿಂದ ಕುಳ್ಳಾಗುವುದಲ್ಲ. ಹಸಿದ ಗಿಡ ಹೂ ಬಿಡುವುದಿಲ್ಲ, ಸಾಯುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಮಣ್ಣು ಬದಲಿಸುವಾಗ ಬೇರಿನ ಸುಮಾರು ಮೂರನೇ ಒಂದು ಭಾಗ ಕತ್ತರಿಸುತ್ತಾರೆ ನಿಜ. ಕತ್ತರಿಸಿದ ದಪ್ಪ ಬೇರಿನ ಜಾಗದಲ್ಲಿ ಕೂದಲಿನಂಥ ಹೊಸ ಬೇರುಗಳು ಹತ್ತಾರು ಹೊರಡುತ್ತವೆ. ನೀರು, ಗೊಬ್ಬರ ಹೀರುವ ಕೆಲಸವೆಲ್ಲ ಇಂಥ ಸಣ್ಣ ಬೇರುಗಳದ್ದೇ. ಇನ್ನೊಂದು ವಿಶೇಷ ಕೇಳಿ. ಕುಂಡದಲ್ಲಿ ಎಲೆ ಚಿಕ್ಕದಾಗುತ್ತದೆ, ರೆಂಬೆ ಚಿಕ್ಕದಾಗುತ್ತದೆ. ಹೂವು, ಹಣ್ಣು ಮಾತ್ರ ಆ ತಳಿಯ ಗಾತ್ರವನ್ನು ಬಿಡುವುದಿಲ್ಲ! ಮಾಮೂಲಿ ದಾಳಿಂಬೆಯನ್ನು ಮೊಳದುದ್ದದ ಬೋನ್ಸಾಯ್ ಮಾಡಿದರೆ ರೆಂಬೆ ಮುರಿಯುವಷ್ಟು ದೊಡ್ಡ ಹಣ್ಣು ತೂಗುತ್ತದೆ. ಅದಕ್ಕೇ ಬೋನ್ಸಾಯ್‌ಗೆ 'ನಾನಾ' ಎಂಬ ಗಿಡ್ಡ ತಳಿಯನ್ನು ಆರಿಸುವುದು. ಅದರ ಎಲೆ, ಹೂವು, ಹಣ್ಣು ಎಲ್ಲವೂ ಹುಟ್ಟಾ ಚಿಕ್ಕವು, ಹಣ್ಣು ನಿಂಬೆಯಷ್ಟು. ಹೀಗಿರುವಾಗ ಯಾರಾದರೂ ನಮ್ಮ ಮಕ್ಕಳನ್ನು ಬೋನ್ಸಾಯ್ ಎಂದರೆ, "ಹೌದು ಸ್ವಾಮಿ, ಕುಂಡ ಚಿಕ್ಕದು, ಹಣ್ಣು ಮಾತ್ರ ಅದೇ ಜಾತಿಯದು" ಎಂದು ಹೇಳಿಬಿಡಿ.

ಊರಿಗೆ ಹೋದಾಗ ಮೈಸೂರಿನಲ್ಲಿ ನಂಜನಗೂಡು ರಸ್ತೆಯ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನಕ್ಕೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ನೂರಾರು ವಾಮನ ವೃಕ್ಷಗಳಿವೆ. ಅವುಗಳ ಮುಂದೆ ನಿಂತವರಿಗೆ 'ಹಿಂಸೆ' ಎಂಬ ಪದ ನೆನಪಿಗೆ ಬರಲಾರದು.

ಬರ್ ದುಬೈ ಬಾಲ್ಕನಿಯ ಪಂಚಾಂಗ

ಈಗ ಕೆಲಸದ ಮಾತು. ಪುಸ್ತಕಗಳಲ್ಲಿ ಇರುವುದು ಜಪಾನಿನ ಋತುಗಳು. ನಮಗೆ ಬೇಕಾದದ್ದು ಇಲ್ಲಿನ ಲೆಕ್ಕ.

ಗಿಡ: ಗಿಡ್ಡ ತಳಿಯ ಸಸಿಯನ್ನು ನರ್ಸರಿಯಲ್ಲಿ ಕೇಳಿ ತನ್ನಿ. ಯಾರ ಮನೆಯಲ್ಲಾದರೂ ಇದ್ದರೆ ಪೆನ್ಸಿಲ್ ದಪ್ಪದ ಕಡ್ಡಿ ನೆಟ್ಟರೂ ಬೇರು ಬಿಡುತ್ತದೆ. ಹಣ್ಣಿನ ಬೀಜ ಹಾಕಿದರೆ ಮೊಳೆಯುತ್ತದೆ, ಮಕ್ಕಳಿಗೆ ಖುಷಿಯೂ ಆಗುತ್ತದೆ. ಆದರೆ ತಾಯಿಯ ಗುಣವೇ ಬರುತ್ತದೆಂಬ ಖಾತ್ರಿ ಇಲ್ಲ. ಊರಿನ ರೈತರು ಕಡ್ಡಿ ನೆಡುವುದು, ಗೂಟಿ ಕಟ್ಟುವುದು ಇದೇ ಕಾರಣಕ್ಕೆ.

ಕುಂಡ: ಮೊದಲ ದಿನವೇ ಅಂದದ ತಟ್ಟೆಕುಂಡ ಬೇಡ. ಕಾಂಡ ದಪ್ಪವಾಗಬೇಕಾದರೆ ನಾಲ್ಕೈದು ವರ್ಷ 10-12 ಇಂಚಿನ ಕುಂಡದಲ್ಲಿ ಬೆಳೆಯಲಿ. ಆಮೇಲೂ ಇಲ್ಲಿನ ಬೇಸಿಗೆಗೆ ಒಂದಿಷ್ಟು ಆಳವಿರುವ ಕುಂಡವೇ ಒಳ್ಳೆಯದು. ಮಣ್ಣಿಗೆ ಮರುಭೂಮಿಯ ಮರಳು ತಂದು ಬೆರೆಸಬೇಡಿ, ಅದು ತೀರಾ ನಯ, ನೀರು ಬಸಿಯದು. ದಪ್ಪ ಮರಳು ಇಲ್ಲವೇ ಪರ್ಲೈಟ್, ಇಟ್ಟಿಗೆ ಚೂರು, ತೆಂಗಿನ ನಾರಿನ ಪುಡಿ, ಸ್ವಲ್ಪ ಎರೆಗೊಬ್ಬರ ಇಷ್ಟು ಸಾಕು.

ಬಿಸಿಲು: ಟಿ.ವಿ. ಪಕ್ಕದಲ್ಲಿ, ಏಸಿ ಕೆಳಗೆ ಇಟ್ಟ ದಾಳಿಂಬೆ ಬದುಕುವುದಿಲ್ಲ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಏಸಿಯ ಹೊರಗಿನ ಯಂತ್ರದ ಬಿಸಿಗಾಳಿ ತಾಗಕೂಡದು. ಬಾಲ್ಕನಿಯ ಕಟ್ಟೆಯ ಮೇಲೆ ಕುಂಡ ಇಡಲೇಬೇಡಿ. ಕೆಳಗೆ ಜನ ಓಡಾಡುತ್ತಾರೆ. ಹೊರಾಂಗಣದಲ್ಲಿ ದುಡಿಯುವ ಕಾರ್ಮಿಕರಿಗೆ ಇಲ್ಲಿನ ಸರ್ಕಾರ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಡುವು ಕೊಡಿಸುತ್ತದಲ್ಲ, ಆ ಮೂರು ತಿಂಗಳು ನಿಮ್ಮ ಮರಕ್ಕೂ ಅದೇ ಹೊತ್ತಿಗೆ ನೆರಳು ಕೊಡಿ. ನೆನಪಿಡಲು ಇದಕ್ಕಿಂತ ಸುಲಭದ ಲೆಕ್ಕ ಇನ್ನೊಂದಿಲ್ಲ.

ನೀರು: ಮೇ ಬಂತೆಂದರೆ ನಮ್ಮ ತಣ್ಣೀರಿನ ನಲ್ಲಿಯಲ್ಲಿ ಬರುವುದು ಬಿಸಿನೀರು. ಗೀಸರ್ ಆರಿಸಿಟ್ಟು ಅದರ ನಲ್ಲಿಯಿಂದ ತಣ್ಣೀರು ಹಿಡಿಯುವ ನಮ್ಮ ದುಬೈ ವಿದ್ಯೆ ಗಿಡಕ್ಕೂ ಅನ್ವಯ! ಇಲ್ಲವೇ ರಾತ್ರಿಯೇ ಬಕೆಟ್‌ನಲ್ಲಿ ಹಿಡಿದಿಟ್ಟು ಬೆಳಿಗ್ಗೆ ಹಾಕಿ. ಜುಲೈ-ಆಗಸ್ಟ್‌ನಲ್ಲಿ ಬೆಳಿಗ್ಗೆ, ಸಂಜೆ ಎರಡು ಹೊತ್ತು. ಜನವರಿಯಲ್ಲಿ ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ. ಹಾಕಿದರೆ ತಳದ ತೂತಿನಿಂದ ಹರಿಯುವಷ್ಟು ಹಾಕಬೇಕು, ಗೊಬ್ಬರದ ಉಪ್ಪು ತೊಳೆದು ಹೋಗುತ್ತದೆ. ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು, ಕೆಳಮನೆಯವರ ಬಟ್ಟೆಯ ಮೇಲೂ ಬೀಳಬಾರದು. ಮೊದಲನೆಯದಕ್ಕೆ ಸೊಳ್ಳೆ ಬರುತ್ತದೆ, ಎರಡನೆಯದಕ್ಕೆ ವಾಚ್‌ಮನ್ ಬರುತ್ತಾನೆ.

ಕತ್ತರಿ ಮತ್ತು ತಂತಿ: ಚಳಿಗಾಲದಲ್ಲಿ ಎಲೆ ಹಳದಿಯಾಗಿ ಉದುರಿದರೆ ಗಾಬರಿ ಬೇಡ, ದಾಳಿಂಬೆ ಎಲೆ ಉದುರಿಸುವ ಮರ. ಫೆಬ್ರವರಿಯಲ್ಲಿ ಹೊಸ ಚಿಗುರು ಒಡೆಯುವ ಮುಂಚೆ ಮಣ್ಣು ಬದಲಿಸುವುದು, ಬೇರು-ರೆಂಬೆ ಸವರುವುದು. ಬುಡದಲ್ಲಿ ಏಳುವ ಚಿಗುರುಗಳನ್ನು ಆಗಾಗ ಕಿತ್ತುಹಾಕಿ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆ ಬೋನ್ಸಾಯ್ ತಂತಿಗೇ ಮಾಡಿದಂತಿದೆ: ದಾಳಿಂಬೆಯ ಬಲಿತ ರೆಂಬೆ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ, ಎಳೆಯದಕ್ಕೇ ಅಲ್ಯೂಮಿನಿಯಂ ತಂತಿ ಸುತ್ತಬೇಕು. ತೊಗಟೆಯಲ್ಲಿ ಗುರುತು ಬೀಳುವ ಮುಂಚೆ ಬಿಚ್ಚಬೇಕು.

ಹೂವು: ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಅಂದ ಕೆಡುತ್ತದೆಂದು ಸದಾ ಚಿವುಟುತ್ತಿದ್ದರೆ ಹೂವೇ ಇಲ್ಲ. ಹೂವಿನಲ್ಲಿ ಎರಡು ಬಗೆ. ಬುಡ ದಪ್ಪಗೆ ಹೂಜಿಯಂತೆ ಇರುವುದು ಕಾಯಿ ಕಟ್ಟುವಂಥದ್ದು. ಬುಡ ಸಣ್ಣಗೆ ಗಂಟೆಯಂತೆ ಇರುವುದು ಗಂಡು ಹೂ, ಅದು ಉದುರಲೇಬೇಕು. ಎತ್ತರದ ಮಹಡಿಗೆ ಜೇನುನೊಣ ಬಾರದಿದ್ದರೆ ಮಕ್ಕಳ ಪೇಂಟಿಂಗ್ ಕುಂಚದಿಂದ ಪರಾಗ ಮುಟ್ಟಿಸಿದರೆ ಆಯಿತು. ಚಿಕ್ಕ ಮರದಲ್ಲಿ ಒಂದೋ ಎರಡೋ ಕಾಯಿ ಸಾಕು. ಹಣ್ಣಾಗಲು ಐದಾರು ತಿಂಗಳು. ನೀರು ಒಂದು ದಿನ ಇದ್ದು ಎರಡು ದಿನ ಇಲ್ಲದಿದ್ದರೆ ಕಾಯಿ ಬಿರಿಯುತ್ತದೆ.

ಊರಿನ ತೋಟಗಳಲ್ಲಿ ನೀರು ನಿಲ್ಲಿಸಿ, ಎಲೆ ಉದುರಿಸಿ, ಮತ್ತೆ ನೀರು ಕೊಟ್ಟು ಒಟ್ಟಿಗೆ ಹೂ ತರಿಸುವ ಪದ್ಧತಿಯಿದೆ. ಅಂಬೆ ಬಹಾರ್, ಮೃಗ ಬಹಾರ್, ಹಸ್ತ ಬಹಾರ್ ಎಂದು ಮೂರು ಕಾಲಗಳು. ಅದನ್ನು ಬಾಲ್ಕನಿಯಲ್ಲಿ ಪ್ರಯೋಗಿಸಬೇಡಿ. ತೋಟದ ಗಿಡಕ್ಕೆ ಆಳದಲ್ಲಿ ಬೇರಿದೆ, ಕುಂಡದ ಗಿಡಕ್ಕೆ ಇರುವುದು ಒಂದು ಗೇಣು ಮಣ್ಣು.

ಯಾರಿಗೆ ಒಪ್ಪಿಸುವುದು?

ಇಷ್ಟೆಲ್ಲ ಮಾಡಿದ ಮರ ಸಾಯುವುದು ಬಹುಪಾಲು ರೋಗದಿಂದಲ್ಲ, ರಜೆಯಿಂದ! ಶಾಲೆ ಮುಗಿದು ಜುಲೈ-ಆಗಸ್ಟ್ ಏಳೆಂಟು ವಾರ ನಾವು ಊರಿನಲ್ಲಿ ಮಳೆ ನೋಡುತ್ತಿರುತ್ತೇವೆ. ಅದೇ ಹೊತ್ತಿಗೆ ಇಲ್ಲಿ 45 ಡಿಗ್ರಿ ಬಿಸಿಲಿನಲ್ಲಿ ಆ ಗೇಣು ಮಣ್ಣು ಒಣಗುತ್ತಿರುತ್ತದೆ. ಟೈಮರ್, ಡ್ರಿಪ್ ಪೈಪು ಎಲ್ಲ ಸಿಗುತ್ತವೆ. ಬ್ಯಾಟರಿ ಮುಗಿದರೆ, ಪೈಪು ಕಟ್ಟಿಕೊಂಡರೆ ನೋಡುವವರಾರು? ಎರಡು ದಿನದಲ್ಲಿ ಹತ್ತು ವರ್ಷದ ಮರ ಕಟ್ಟಿಗೆ. ದಾಳಿಂಬೆಗೆ ಬೇಕಾದದ್ದು ಯಂತ್ರವಲ್ಲ, ಒಬ್ಬ ಮನುಷ್ಯ.

ಪೂರ್ತಿಯಾಗಿ ಊರಿಗೆ ಹೊರಟವರ ಕಷ್ಟ ಇನ್ನೂ ದೊಡ್ಡದು. ಮರವನ್ನು ಸೂಟ್‌ಕೇಸಿನಲ್ಲಿ ಒಯ್ಯುವ ಹಾಗಿಲ್ಲ. ಭಾರತದ 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಗಿಡ ತರಲು ಮೊದಲೇ ಪರವಾನಗಿ, ರೋಗವಿಲ್ಲವೆಂಬ ಪ್ರಮಾಣಪತ್ರ ಬೇಕು. ಕುಂಡದ ಮಣ್ಣನ್ನಂತೂ ಬಿಡುವುದಿಲ್ಲ. ಇದು ಅಧಿಕಾರಿಗಳ ಕಿರಿಕಿರಿ ಎಂದುಕೊಳ್ಳಬೇಡಿ. ಒಂದು ದುಂಡಾಣು ರೋಗಕ್ಕೆ ನಮ್ಮ ತೋಟಗಳು ತೆತ್ತ ಬೆಲೆ ನೆನೆದರೆ ಆ ಕಾನೂನು ಬೇಕೇ ಬೇಕು ಅನ್ನಿಸುತ್ತದೆ. ಅಂದಮೇಲೆ ಮರ ಇಲ್ಲೇ ಉಳಿಯಬೇಕು. ನಾವು ಹೋಗಬೇಕು, ಅದು ಉಳಿಯಬೇಕು.

ಬೋನ್ಸಾಯ್ ಎಂಬ ಕಲೆ ನಡೆದು ಬಂದಿರುವುದೇ ಹೀಗೆ, ಕೈಯಿಂದ ಕೈಗೆ. ವಾಷಿಂಗ್ಟನ್‌ನ ರಾಷ್ಟ್ರೀಯ ಬೋನ್ಸಾಯ್ ಸಂಗ್ರಹಾಲಯದಲ್ಲಿ ಒಂದು ಜಪಾನಿ ಬಿಳಿ ಪೈನ್ ಇದೆ. 1625ರಿಂದ ಕುಂಡದಲ್ಲಿರುವ ಮರ. ಹಿರೋಷಿಮಾದ ಯಮಾಕಿ ಮನೆತನದವರು ತಲೆಮಾರುಗಳ ಕಾಲ ಸಾಕಿದ್ದು. 1945ರ ಆಗಸ್ಟ್ 6ರಂದು ಬಾಂಬು ಬಿದ್ದ ಜಾಗದಿಂದ ಮೂರು ಕಿಲೋಮೀಟರ್ ಆಸುಪಾಸಿನಲ್ಲಿದ್ದೂ ಬದುಕಿತು. 1976ರಲ್ಲಿ ಆ ಮನೆಯ ಯಜಮಾನರು ಅದನ್ನು ಅಮೆರಿಕಕ್ಕೇ ಕಾಣಿಕೆಯಾಗಿ ಕೊಟ್ಟರು! 2001ರಲ್ಲಿ ಅವರ ಮೊಮ್ಮಕ್ಕಳು ನೋಡಲು ಹೋದಾಗಲೇ ಅಲ್ಲಿನವರಿಗೆ ಬಾಂಬಿನ ಕಥೆ ತಿಳಿದದ್ದು. ಮರವನ್ನು ಒಪ್ಪಿಸುವಾಗ ಅದರ ಕಥೆಯನ್ನೂ ಒಪ್ಪಿಸಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೇ?

ನನ್ನ ಬಾಲ್ಕನಿಯ ದಾಳಿಂಬೆಯನ್ನೂ ನಾನು ನೆಟ್ಟದ್ದಲ್ಲ. ನಮ್ಮ ಕಟ್ಟಡದಲ್ಲೇ ಇದ್ದ ಹುಬ್ಬಳ್ಳಿಯ ಕುಟುಂಬವೊಂದು 2006ರಲ್ಲಿ ಕಡ್ಡಿಯಿಂದ ಬೆಳೆಸಿದ್ದು. 2014ರಲ್ಲಿ ಕಂಪನಿ ಕೆಲಸ ನಿಂತು, ಒಂದು ತಿಂಗಳೊಳಗೆ ಅವರು ಹೊರಡಬೇಕಾಯಿತು. ಮರದ ಜೊತೆಗೆ ಅವರ ಮಗಳು ಒಂದು ನೋಟ್‌ಬುಕ್ಕನ್ನೂ ಕೊಟ್ಟಳು. ಯಾವಾಗ ಮಣ್ಣು ಬದಲಿಸಿದ್ದು, ಯಾವ ರೆಂಬೆಗೆ ತಂತಿ ಕಟ್ಟಿದ್ದು, ಮೊದಲ ಹೂವು ಯಾವ ದಿನ, ಎಲ್ಲವೂ ಕನ್ನಡದಲ್ಲಿ, ಶಾಲೆಯ ಹುಡುಗಿಯ ಕೈಬರಹದಲ್ಲಿ. ಆಕೆ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಪ್ರತಿ ಮಾರ್ಚ್‌ನಲ್ಲಿ ತಪ್ಪದೆ ಕೇಳುತ್ತಾಳೆ, "ಆಂಟಿ, ಈ ಸಲ ಎಷ್ಟು ಮೊಗ್ಗು?" ದುಬೈನಲ್ಲಿ ಅವರ ಮನೆಯಿಲ್ಲ, ವೀಸಾ ಇಲ್ಲ, ಮರ ಇದೆ. ಆ ನೋಟ್‌ಬುಕ್ ತುಂಬಿ, ಎರಡನೆಯದನ್ನು ನನ್ನ ಮಗ ಬರೆಯುತ್ತಿದ್ದಾನೆ. ಅವನು ಬೇರೆ ಯಾವುದಕ್ಕೂ ಕನ್ನಡದಲ್ಲಿ ಪೆನ್ನು ಹಿಡಿಯುವವನಲ್ಲ. ಹಿಂದಿನ ಪುಟಗಳು ಕನ್ನಡದಲ್ಲಿವೆ ಎಂಬ ಒಂದೇ ಕಾರಣಕ್ಕೆ ಇದನ್ನು ಬರೆಯುತ್ತಾನೆ.

"ಇದೆಲ್ಲ ಪುರುಸೊತ್ತಿದ್ದವರ ಹವ್ಯಾಸ. ಊರಲ್ಲಿ ಜಾಗ ತಗೊಂಡು ನಿಜವಾದ ತೋಟವನ್ನೇ ಮಾಡ್ತೀವಿ ಬಿಡಿ" ಎನ್ನುವವರಿಗೆ ನನ್ನ ಉತ್ತರ: ಅವಶ್ಯ ಮಾಡಿ. ಆದರೆ ನಿಮ್ಮ ಮಕ್ಕಳ ಬಾಲ್ಯ ನಡೆಯುತ್ತಿರುವುದು ಆ ತೋಟದಲ್ಲಲ್ಲ, ಈ ಬಾಲ್ಕನಿಯಲ್ಲಿ. ದಿನಕ್ಕೆ ಹತ್ತು ನಿಮಿಷ, ಅದೂ ಬೆಳಗಿನ ಕಾಫಿ ಕುಡಿಯುವ ಹೊತ್ತಿಗೆ, ಅಷ್ಟೇ ಬೇಕಾಗಿರುವುದು.

ಹಾಗಾಗಿ ನಮ್ಮ ಸಂಘದ ಮುಂದೆ ಮೂರು ಸಲಹೆ ಇಡುತ್ತಿದ್ದೇನೆ. ಒಂದು, ಬೇಸಿಗೆ ರಜೆಯಲ್ಲಿ ಇಲ್ಲೇ ಇರುವವರ ಪಟ್ಟಿಯನ್ನು ಮೇ ಕೊನೆಗೇ ಮಾಡೋಣ. ಬರ್ ದುಬೈ, ಕರಾಮ, ಶಾರ್ಜಾ, ಅಬುಧಾಬಿ ಹೀಗೆ ಬಡಾವಣೆ, ಊರುಗಳ ಪ್ರಕಾರ. ಊರಿಗೆ ಹೋಗುವವರ ಗಿಡ ಪಾಳಿಯ ಮೇಲೆ ಅವರ ಮನೆಗೆ. ಎರಡು, ಶಾಶ್ವತವಾಗಿ ಹೊರಟವರ ಮರವನ್ನು 'ಉಚಿತ' ಎಂದು ಜಾಹೀರಾತು ಹಾಕದೆ, ನೋಡಿಕೊಳ್ಳುವೆನೆಂದು ಮಾತು ಕೊಟ್ಟ ಮನೆಗೆ ನೋಟ್‌ಬುಕ್ ಸಮೇತ ಒಪ್ಪಿಸುವ ಪದ್ಧತಿ ಇಡೋಣ. ಮೂರು, ಫೆಬ್ರವರಿಯ ಒಂದು ರಜಾದಿನ ಮಕ್ಕಳನ್ನು ಸೇರಿಸಿ ಕಡ್ಡಿ ನೆಡುವುದು, ಮಣ್ಣು ಬದಲಿಸುವುದನ್ನು ಕಲಿಸೋಣ. ಇದಕ್ಕೆ ಸಭಾಂಗಣ ಬೇಡ, ಪ್ರಾಯೋಜಕರು ಬೇಡ, ಮುಖ್ಯ ಅತಿಥಿಗಳೂ ಬೇಡ!

ಮೊದಲ ಹತ್ತು ಕಡ್ಡಿಗಳನ್ನು ನಾನು ಕೊಡುತ್ತೇನೆ. ಬೇಕಾದವರು ಸಂಪಾದಕರಿಗೆ ಒಂದು ಮೇಲ್ ಹಾಕಿ. ಬಾಲ್ಕನಿ ಯಾವ ದಿಕ್ಕಿಗಿದೆ, ಜುಲೈನಲ್ಲಿ ನೀವು ಎಲ್ಲಿರುತ್ತೀರಿ ಎಂಬುದನ್ನು ಮರೆಯದೆ ಬರೆಯಿರಿ. ನನ್ನ ಮಾತು ಒಪ್ಪದವರೂ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಜಗಳವಾಡೋಣ. ಏನಂತೀರಿ?

ಇತಿ,
ಬರ್ ದುಬೈನಿಂದ ನಿಮ್ಮ ಸಂಘದ ಸದಸ್ಯೆ